ಶಾಲು ಸಿದ್ಧವಿದೆ, ಮಗನ ಸಹಿ ಎಲ್ಲಿ?

ಗಡಿಯಲ್ಲಿರುವ ಯೋಧರ ಹೆತ್ತವರಿಗಾಗಿ ನಮ್ಮ ಸಮಾಜ ಏನನ್ನೂ ಮಾಡುತ್ತಿಲ್ಲವೆಂದು ಯಾರಾದರೂ ದೂರಿದರೆ, ಅಂಥವರು ಆಗಸ್ಟ್ 15ರಂದು ಯಾವ ತಾಲ್ಲೂಕು ಕ್ರೀಡಾಂಗಣಕ್ಕೂ ಕಾಲಿಟ್ಟಿಲ್ಲವೆಂದೇ ತಿಳಿಯಬೇಕು. ಬೆಳಗಾವಿ, ಧಾರವಾಡ, ವಿಜಯಪುರ, ಕೊಡಗಿನಂಥ ಜಿಲ್ಲೆಗಳಲ್ಲಿ, ಓಣಿಗೊಬ್ಬನಾದರೂ ಸೇನೆಯಲ್ಲಿರುವ ಊರುಗಳಿರುವ ಕಡೆಗಳಲ್ಲಂತೂ ಈ ಸೇವೆ ಬಹಳ ವ್ಯವಸ್ಥಿತವಾಗಿ ನಡೆಯುತ್ತದೆ. ಧ್ವಜಾರೋಹಣ ಒಂಬತ್ತಕ್ಕೆ ಎಂದಾದರೆ ಹೆತ್ತವರನ್ನು ಏಳೂವರೆಗೇ ಕರೆತಂದು ವೇದಿಕೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂರಿಸಲಾಗುತ್ತದೆ. ನೆರಳು ಗಣ್ಯರಿಗೆ ಮೀಸಲಾದುದರಿಂದ ಬಿಸಿಲನ್ನು ಇವರಿಗೆ ಧಾರಾಳವಾಗಿ ಬಿಟ್ಟುಕೊಡಲಾಗುತ್ತದೆ. ಮಗ ಮೈನಸ್ ಮೂವತ್ತು ಡಿಗ್ರಿ ಚಳಿಯಲ್ಲಿ ನಿಲ್ಲಬಲ್ಲನಾದರೆ ಅಪ್ಪ ಮೂವತ್ತೈದು ಡಿಗ್ರಿ ಬಿಸಿಲಿನಲ್ಲಿ ಎರಡು ಗಂಟೆ ಕೂರಲಾರನೇ ಎಂಬುದು ಸಂಘಟಕರ ಸರಳ ಲೆಕ್ಕಾಚಾರ. ಅನಂತರ ಶಾಲು, ಹಾರ, ಮೈಸೂರು ಪೇಟ, ಫಲತಾಂಬೂಲ, ನೆನಪಿನ ಕಾಣಿಕೆ. ಗಣರಾಜ್ಯೋತ್ಸವಕ್ಕೊಂದು, ಜುಲೈ 26ರ ಕಾರ್ಗಿಲ್ ವಿಜಯ ದಿವಸಕ್ಕೊಂದು, ಸ್ವಾತಂತ್ರ್ಯ ದಿನಕ್ಕೊಂದು, ರಾಜ್ಯೋತ್ಸವಕ್ಕೊಂದು, ಡಿಸೆಂಬರ್ 7ರ ಧ್ವಜ ದಿನಕ್ಕೊಂದು ಎಂದು ಹಿಡಿದರೂ ಇಬ್ಬರು ಮಕ್ಕಳನ್ನು ಸೇನೆಗೆ ಕಳುಹಿಸಿದ ಮನೆಯಲ್ಲಿ ಶಾಲಿನ ಅಂಗಡಿ ತೆರೆಯಬಹುದಾದಷ್ಟು ದಾಸ್ತಾನು ಸೇರುತ್ತದೆ.

ಈ ಸನ್ಮಾನಗಳಲ್ಲಿಯೂ ಒಂದು ಶ್ರೇಣಿಯಿದೆ ಎಂಬುದನ್ನು ಹೊರಗಿನವರು ಬೇಗ ಗಮನಿಸುವುದಿಲ್ಲ. ಹುತಾತ್ಮನ ತಂದೆತಾಯಿಗೆ ಮೊದಲ ಸಾಲು, ನಿವೃತ್ತ ಸೈನಿಕನಿಗೆ ಎರಡನೆಯ ಸಾಲು, ಇನ್ನೂ ಸೇವೆಯಲ್ಲಿರುವವನ ಹೆತ್ತವರಿಗೆ ಸ್ಥಳಾವಕಾಶವಿದ್ದರೆ ಮೂರನೆಯ ಸಾಲು. ಮಗ ಜೀವಂತವಾಗಿರುವುದು ಸಮಾರಂಭದ ದೃಷ್ಟಿಯಿಂದ ಸ್ವಲ್ಪ ಮಟ್ಟಿನ ಕೊರತೆಯೇ ಸರಿ, ಏಕೆಂದರೆ ಭಾಷಣಕಾರರ ಕಂಠ ಗದ್ಗದವಾಗಲು ಅದರಿಂದ ಹೆಚ್ಚಿನ ಸಹಾಯವಾಗುವುದಿಲ್ಲ. ಇಂಥದೇ ಒಂದು ಸಮಾರಂಭದಲ್ಲಿ ನಿರೂಪಕರು ಉತ್ಸಾಹದ ಭರದಲ್ಲಿ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೂ ‘ಹುತಾತ್ಮ ಯೋಧರ ಪೋಷಕರು’ ಎಂದೇ ಓದಿಬಿಟ್ಟಾಗ, ಹಾರ ಹಾಕಿಸಿಕೊಳ್ಳಲು ಬಗ್ಗಿದ್ದ ಒಬ್ಬ ತಾಯಿ ಮೈಕಿನವರೆಗೂ ಕೇಳುವಂತೆ, “ಯಪ್ಪಾ, ನನ್ನ ಮಗ ಅದಾನೋ, ನಿನ್ನೆ ರಾತ್ರಿ ಫೋನ್ ಮಾಡಿದ್ದ” ಎಂದು ಕೂಗಿದರು. ಸಭೆ ಚಪ್ಪಾಳೆ ತಟ್ಟಿತು. ನಿರೂಪಕರು ಮಾತ್ರ ಸಿದ್ಧಪಡಿಸಿಕೊಂಡಿದ್ದ ನಾಲ್ಕು ಸಾಲಿನ ಚರಣ ವ್ಯರ್ಥವಾಯಿತಲ್ಲ ಎಂದು ಕೊಂಚ ಪೇಚಾಡಿದಂತೆ ಕಂಡಿತು.

ಮೊದಲ ಸಾಲಿಗೆ ಬಡ್ತಿ ಪಡೆದವರ ಪಾಡು ಏನೆಂಬುದನ್ನು 2023ರ ನವೆಂಬರ್‌ನಲ್ಲಿ ದೇಶವೇ ನೋಡಿತು. ಜಮ್ಮು ಮತ್ತು ಕಾಶ್ಮೀರದ ರಜೌರಿಯ ಕಾಳಗದಲ್ಲಿ ಕರ್ನಾಟಕದ ಕ್ಯಾಪ್ಟನ್ ಎಂ.ವಿ. ಪ್ರಾಂಜಲ್ ಅವರೊಂದಿಗೆ ಮಡಿದವರಲ್ಲಿ ಆಗ್ರಾದ ಕ್ಯಾಪ್ಟನ್ ಒಬ್ಬರೂ ಇದ್ದರು. ಅವರ ಮನೆಗೆ ಪರಿಹಾರದ ಚೆಕ್ ಹಿಡಿದು ಬಂದ ಸಚಿವರು, ನಿಲ್ಲಲೂ ಶಕ್ತಿಯಿಲ್ಲದೆ ಅಳುತ್ತಿದ್ದ ತಾಯಿಯ ಕೈಗೇ ಅದನ್ನು ಕೊಡಬೇಕೆಂದು, ಕೊಟ್ಟದ್ದು ಕ್ಯಾಮೆರಾದಲ್ಲಿ ದಾಖಲಾಗಬೇಕೆಂದು ಹಟ ಹಿಡಿದು ನಿಂತರು. ಆ ತಾಯಿ ಇದನ್ನು ಪ್ರದರ್ಶನ ಮಾಡಬೇಡಿರೆಂದು ಅಂಗಲಾಚಿದರು. ಛಾಯಾಚಿತ್ರ ತೆಗೆಯುವ ಕೆಲಸವೇನೂ ಅದರಿಂದ ನಿಲ್ಲಲಿಲ್ಲ. ಕೊಡುವವನ ಮುಖ ಕಾಣದ ಕೊಡುಗೆಯನ್ನು ನಮ್ಮ ಸಾರ್ವಜನಿಕ ಜೀವನ ಕೊಡುಗೆಯೆಂದೇ ಒಪ್ಪುವುದಿಲ್ಲ. ನಮ್ಮಲ್ಲಿನ ಅಭಿನಂದನಾ ಫ್ಲೆಕ್ಸುಗಳಲ್ಲಿಯೂ ಶಾಸಕರು ಆಳೆತ್ತರ, ಅವರ ಅಭಿಮಾನಿಗಳು ಮೊಳದೆತ್ತರ, ಯೋಧನ ತಾಯಿ ಅಂಚೆಚೀಟಿಯಷ್ಟು.

ಇನ್ನು ಕ್ರೀಡಾಂಗಣದಿಂದ ಸರಕಾರಿ ಕಚೇರಿಯ ಕಿಟಕಿಗೆ ಬರೋಣ. ಆಗಸ್ಟ್ 15ರಂದು ‘ವೀರಮಾತೆ’ಯಾಗಿದ್ದವರು ಆಗಸ್ಟ್ 16ರಂದು ಇಲ್ಲಿ ‘ಅರ್ಜಿದಾರರು’ ಆಗುತ್ತಾರೆ. ಸೈನಿಕರ ಕಲ್ಯಾಣಕ್ಕೆಂದು ಕೇಂದ್ರದಲ್ಲೊಂದು ಮಂಡಳಿ, ರಾಜ್ಯದಲ್ಲೊಂದು ಮಂಡಳಿ, ಜಿಲ್ಲಾ ಮಟ್ಟದಲ್ಲೊಂದು ಮಂಡಳಿ ಇವೆ. ಮಾಜಿ ಸೈನಿಕರ ಜೊತೆಗೆ, ಸೇವೆಯಲ್ಲಿರುವವರು ಮನೆಯಲ್ಲಿಲ್ಲದ ಕಾಲದಲ್ಲಿ ಅವರ ಕುಟುಂಬದ ಹಿತ ಕಾಯುವುದೂ ಅವುಗಳ ಹೊಣೆಯೆಂದು ಕಾಗದದಲ್ಲಿ ಬರೆದಿದೆ. ಆದರೆ ಒಂದೊಂದು ಕಚೇರಿಗೆ ಒಂದಕ್ಕಿಂತ ಹೆಚ್ಚು ಜಿಲ್ಲೆಗಳು ಗಂಟುಬಿದ್ದಿರುವ ಕಡೆಗಳಲ್ಲಿ, ಬಸ್ಸು ಬದಲಿಸಿ ಅಲ್ಲಿಗೆ ತಲುಪುವ ಮುದುಕರಿಗೆ ಎದುರಾಗುವ ಮೊದಲ ಪ್ರಶ್ನೆ, “ಯಜಮಾನ್ರೇ, ನಿಮ್ಮ ಮಗ ರಿಟೈರ್ ಆಗ್ಯಾರೇನು?” ಎಂಬುದು. ಇಲ್ಲ ಎಂದರೆ ಎರಡನೆಯ ಪ್ರಶ್ನೆಯನ್ನು ಕೇಳಲು ಗುಮಾಸ್ತರೇ ಹಿಂಜರಿಯುತ್ತಾರೆ, ಅವರೂ ಮನುಷ್ಯರೇ. ಆ ಪ್ರಶ್ನೆಗೂ ಇಲ್ಲವೆಂದೇ ಉತ್ತರ ಬಂದಾಗ ಅವರು ಅರ್ಜಿ ನಮೂನೆಗಳ ಕಟ್ಟನ್ನು ತಿರುವಿ ಹಾಕಿ, ನಿವೃತ್ತರಿಗೊಂದು, ವಿಧವೆಯರಿಗೊಂದು, ಅಂಗವಿಕಲರಾದವರಿಗೊಂದು ನಮೂನೆ ಕಂಡು, ಬದುಕಿದ್ದು ದುಡಿಯುತ್ತಿರುವವನ ತಂದೆತಾಯಿಗೆ ಯಾವುದನ್ನು ಕೊಡಬೇಕೆಂದು ತಿಳಿಯದೆ, “ಸದ್ಯಕ್ಕೆ ನಿಮ್ದು ಯಾವ್ದ್ರಾಗೂ ಬರಂಗಿಲ್ರೀ” ಎನ್ನುತ್ತಾರೆ. ‘ಸದ್ಯಕ್ಕೆ’ ಎಂದದ್ದು ಸಮಾಧಾನಕ್ಕೋ ಭರವಸೆಗೋ ಎಂದು ಆ ವೃದ್ಧರು ಮನೆಯವರೆಗೂ ಯೋಚಿಸುತ್ತಾ ಹೋಗಬೇಕು.

ಚಿಕಿತ್ಸೆಯ ವಿಷಯ ಇನ್ನೂ ಸ್ವಾರಸ್ಯಕರವಾಗಿದೆ. ಸೈನಿಕನ ತಂದೆತಾಯಿಗೆ ಸೇನಾ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುತ್ತದೆ, ಅದು ನಿಜ. ಅದಕ್ಕೆ ಮೊದಲು ಅವರು ಮಗನನ್ನೇ ಅವಲಂಬಿಸಿದವರೆಂದು, ತಿಂಗಳ ವರಮಾನ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆಯ ಮಿತಿಯನ್ನು ದಾಟಿಲ್ಲವೆಂದು ಸಾಬೀತಾಗಬೇಕು. ವೇದಿಕೆಯ ಮೇಲೆ ‘ದೇಶಕ್ಕೆ ಮಗನನ್ನೇ ಧಾರೆಯೆರೆದ ಶ್ರೀಮಂತ ಹೃದಯಿ’ ಎನಿಸಿಕೊಂಡ ಅಪ್ಪ, ನಾಡಕಚೇರಿಯ ಎದುರು ತಾನು ಎಲ್ಲ ವಿಧದಲ್ಲಿಯೂ ಬಡವನೆಂದು ಪ್ರಮಾಣೀಕರಿಸಿಕೊಳ್ಳಲು ಸರದಿಯಲ್ಲಿ ನಿಲ್ಲುತ್ತಾನೆ. ಅದೇ ಅಪ್ಪ ಪಡಿತರ ಚೀಟಿಗೆ ಹೋದರೆ, ಅದರಲ್ಲಿ ಸರಕಾರಿ ನೌಕರನಾದ ಮಗನ ಹೆಸರಿರುವುದರಿಂದ ಬಡವನೆನಿಸಿಕೊಳ್ಳುವ ಅರ್ಹತೆ ಆತನಿಗಿಲ್ಲ. ಒಂದು ಕಿಟಕಿಯಲ್ಲಿ ಬಡವನೆಂದು ಸಾಬೀತುಪಡಿಸಬೇಕು, ಇನ್ನೊಂದು ಕಿಟಕಿಯಲ್ಲಿ ಬಡವನೆಂದರೆ ಒಪ್ಪುವುದಿಲ್ಲ. ಎಲ್ಲ ಕಾಗದಗಳೂ ಕೂಡಿಬಂದವೆಂದೇ ಇಟ್ಟುಕೊಂಡರೂ, ಹೊಸಪೇಟೆಯ ಕಡೆಯ ಹಳ್ಳಿಯೊಂದರ ಎಪ್ಪತ್ತರ ವೃದ್ಧೆಗೆ ಮಂಡಿನೋವಿನ ಚಿಕಿತ್ಸೆ ಬೆಳಗಾವಿಯಲ್ಲೋ ಬೆಂಗಳೂರಿನಲ್ಲೋ ಸಿಗುತ್ತದೆ. ಮಂಡಿಯಿದ್ದರೆ ತಾನೇ ಅಲ್ಲಿಯವರೆಗೆ ಹೋಗುವುದು.

ಆಡಳಿತವೆಲ್ಲ ಆನ್‌ಲೈನ್ ಆದ ಮೇಲೆ ಈ ತೊಂದರೆಗಳು ತಪ್ಪಿದವೆಂದು ಹೇಳುವವರಿದ್ದಾರೆ. ತಪ್ಪಿದ್ದು ಗುಮಾಸ್ತರ ಮುಖ ನೋಡುವುದು ಮಾತ್ರ. ಮಗ ತನ್ನ ಸಂಬಳದಲ್ಲಿ ಕಟ್ಟಿಸಿಕೊಟ್ಟ ಮನೆಯ ಇ-ಖಾತೆಯಾಗಲಿ, ತೀರಿಕೊಂಡ ಗಂಡನ ಹೆಸರಿನಿಂದ ಹೊಲವನ್ನು ವಾರಸುದಾರರ ಹೆಸರಿಗೆ ತರುವ ಪೌತಿ ಖಾತೆಯಾಗಲಿ, ಅದಕ್ಕೆ ಮಗನ ಆಧಾರ್ ಬೇಕು, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ, ಆ ಮೊಬೈಲು ಲಡಾಖಿನ ಯಾವುದೋ ಠಾಣೆಯ ಪೆಟ್ಟಿಗೆಯಲ್ಲಿದೆ, ಅದರ ಒಡೆಯ ಗಸ್ತಿನಲ್ಲಿದ್ದಾನೆ. ಪರದೆಯ ಮೇಲೆ ಸೆಕೆಂಡುಗಳು ಇಳಿಯುತ್ತಿರುವಾಗ ಕಂಪ್ಯೂಟರ್ ಆಪರೇಟರ್ ಹುಡುಗ, “ಅಜ್ಜಿ, ಜಲ್ದಿ ಕೇಳ್ರಿ ಮಗನ್ನ” ಎಂದು ಅವಸರಿಸುತ್ತಾನೆ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು ಮತ್ತು ಕಾಶ್ಮೀರದಲ್ಲಾಗಲಿ ಲಡಾಖಿನಲ್ಲಾಗಲಿ ಕೆಲಸ ಮಾಡುವುದಿಲ್ಲವೆಂಬುದು ಆ ಅಜ್ಜಿಗೆ ಗೊತ್ತು, ಏಕೆಂದರೆ ಮಗ ಪೋಸ್ಟ್‌ಪೇಯ್ಡ್ ಕೊಂಡದ್ದೇ ಅದಕ್ಕಾಗಿ. ಹುಡುಗನಿಗೆ ಗೊತ್ತಿಲ್ಲ, ಪೋರ್ಟಲಿಗೆ ಗೊತ್ತಾಗುವ ಅಗತ್ಯವೂ ಇಲ್ಲ. ಸಿಯಾಚಿನ್‌ವರೆಗೂ ಮೊಬೈಲ್ ಸಂಕೇತ ತಲುಪಿಸಿದೆವೆಂಬ ಹೆಗ್ಗಳಿಕೆಯ ಸುದ್ದಿ 2025ರ ಆರಂಭದಲ್ಲಿ ಬಂದಿತ್ತಾದ್ದರಿಂದ, ಇನ್ನು ಮುಂದೆ ಗಸ್ತು ತಿರುಗುವಾಗ ಪೌತಿ ಖಾತೆಗಾಗಿ ಫೋನನ್ನು ಜೇಬಿನಲ್ಲಿಟ್ಟುಕೊಳ್ಳಬೇಕೆಂದು ಸೇನೆಗೆ ಒಂದು ಸುತ್ತೋಲೆ ಕಳುಹಿಸುವುದಷ್ಟೇ ಬಾಕಿ. ವಿಳಾಸದ ಕತೆ ಬೇರೆ. ಮಗನ ಪ್ರಸ್ತುತ ವಿಳಾಸವೇನೆಂದು ಕೇಳಿದ ನಮೂನೆಯಲ್ಲಿ ‘56 ಎಪಿಒ’ ಎಂಬ ಸೇನಾ ಅಂಚೆ ಕಚೇರಿಯ ವಿಳಾಸವನ್ನು ತುಂಬಿದರೆ, ಅದು ಯಾವ ಹೋಬಳಿಗೆ ಬರುತ್ತದೆಂದು ಯಂತ್ರ ಮರುಪ್ರಶ್ನೆ ಹಾಕುತ್ತದೆ.

ಇದರಲ್ಲಿ ನಿಜವಾಗಿ ಬೆರಗಾಗಬೇಕಾದ ಸಂಗತಿಯೆಂದರೆ, ದೂರದಲ್ಲಿರುವ ಸೈನಿಕ ಬಂದು ಸಹಿ ಹಾಕಲಾರನೆಂಬುದು ನಮ್ಮನ್ನಾಳಿದ ಪರಕೀಯರಿಗೆ ಹೊಳೆದಿತ್ತು. ರಜೆ ಸಿಗದ ಸೈನಿಕ ತನ್ನ ಕಮಾಂಡಿಂಗ್ ಅಧಿಕಾರಿಯ ಎದುರು ಬರೆದುಕೊಟ್ಟ ಅಧಿಕಾರಪತ್ರದ ಮೇಲೆ ಬೇರೊಬ್ಬರು ಅವನ ಪರವಾಗಿ ದಾವೆ ಹೂಡಬಹುದು, ಎದುರಿಸಬಹುದು ಎಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 28ನೆಯ ಆದೇಶ ಹೇಳುತ್ತದೆ. ಯುದ್ಧ ಅಥವಾ ವಿಶೇಷ ಪರಿಸ್ಥಿತಿಯಲ್ಲಿ ಸೇವೆ ಸಲ್ಲಿಸುತ್ತಿರುವವನ ಬೆನ್ನ ಹಿಂದೆ ಸಿವಿಲ್ ಮತ್ತು ಕಂದಾಯ ನ್ಯಾಯಾಲಯಗಳು ಅವನ ಹೊಲ ಮನೆಯ ವ್ಯಾಜ್ಯ ತೀರ್ಮಾನಿಸದಂತೆ ತಡೆಯಲು 1925ರಲ್ಲಿ ಒಂದು ಪ್ರತ್ಯೇಕ ಕಾಯಿದೆಯನ್ನೇ ತಂದರು. ಬ್ರಿಟಿಷರಿಗೆ ನಮ್ಮ ಸೈನಿಕರ ಮೇಲೆ ಅಕ್ಕರೆ ಉಕ್ಕಿ ಹರಿಯುತ್ತಿತ್ತೆಂದು ಇದರ ಅರ್ಥವಲ್ಲ. ಊರಿನ ಜಮೀನಿನ ಚಿಂತೆಯಲ್ಲಿರುವವನು ಕಂದಕದಲ್ಲಿ ಸರಿಯಾಗಿ ಗುರಿ ಹಿಡಿಯಲಾರನೆಂಬ ವ್ಯವಹಾರಜ್ಞಾನ ಅವರಿಗಿತ್ತು. ಈ ಎರಡೂ ಕಾನೂನುಗಳು ಇಂದಿಗೂ ಪುಸ್ತಕದಲ್ಲಿವೆ, ಪುಸ್ತಕ ಕಪಾಟಿನಲ್ಲಿದೆ. ಅವನ್ನು ಕಿಟಕಿಯಲ್ಲಿ ಉಲ್ಲೇಖಿಸಿದವರಿಗೆ ಸಿಗುವ ಉತ್ತರ, ಸುತ್ತೋಲೆ ಬಂದಿಲ್ಲ ಎಂಬುದು.

ಸರಕಾರವನ್ನೊಂದನ್ನೇ ಬೈದರೆ ಅನ್ಯಾಯವಾಗುತ್ತದೆ. 2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ಆ ನಾಲ್ಕು ದಿನಗಳಲ್ಲಿ, ಯೋಧರ ಹೆತ್ತವರಿಗೆ ನೈತಿಕ ಬೆಂಬಲ ನೀಡುವ ಹೊಣೆಯನ್ನು ದೇಶದ ಸುದ್ದಿವಾಹಿನಿಗಳು ತಾವೇ ಹೊತ್ತುಕೊಂಡವು. ರಜೆಯಲ್ಲಿ ಬಂದಿದ್ದ ಮಕ್ಕಳು ಕರೆ ಬಂದೊಡನೆ ರೈಲು ಹತ್ತಿದ್ದರು, ಫೋನು ಹತ್ತುತ್ತಿರಲಿಲ್ಲ, ಹೆತ್ತವರ ಬಳಿ ಉಳಿದದ್ದು ಟಿವಿಯೊಂದೇ. ಆ ಟಿವಿ ಮೇ 8ರ ರಾತ್ರಿ ಕರಾಚಿ ಬಂದರನ್ನು ನೆಲಸಮ ಮಾಡಿತು. ಬೆಳಗಾದಾಗ ಬಂದರು ಇದ್ದಲ್ಲಿಯೇ ಇತ್ತು. ಸ್ಟುಡಿಯೋದ ನಡುವೆ ವಾಯುದಾಳಿಯ ಸೈರನ್ ಎಷ್ಟು ನೈಜವಾಗಿ ಮೊಳಗುತ್ತಿತ್ತೆಂದರೆ, ಆ ಸದ್ದನ್ನು ಕಾರ್ಯಕ್ರಮಗಳಲ್ಲಿ ಬಳಸಬೇಡಿರೆಂದು ನಾಗರಿಕ ರಕ್ಷಣೆಯ ನಿರ್ದೇಶನಾಲಯವೇ ಸೂಚನೆ ಹೊರಡಿಸಬೇಕಾಯಿತು. ಹಳ್ಳಿಯ ಮನೆಗಳಿಗೆ ವಾಹಿನಿಯ ವಾಹನ ಬಂದದ್ದೂ ಇದೇ ಬೆಂಬಲದ ಭಾಗವಾಗಿ. ಮಗನಿಂದ ಮೂರು ದಿನಗಳಿಂದ ಸುದ್ದಿಯಿಲ್ಲದ ತಾಯಿಯ ಮುಖಕ್ಕೆ ಮೈಕು ಹಿಡಿದು, “ಅಮ್ಮಾ, ಈಗ ನಿಮಗೆ ಏನನ್ನಿಸ್ತಾ ಇದೆ?” ಎಂದು ಕೇಳಿ, ಆಕೆ ಅಳಲು ತೊಡಗಿದರೆ ‘ಭಾವುಕರಾದ ವೀರಮಾತೆ’, ಅಳದಿದ್ದರೆ ‘ಎದೆಗುಂದದ ವೀರಮಾತೆ’ ಎಂದು ಕೆಳಪಟ್ಟಿಯಲ್ಲಿ ಹಾಕುವ ಎರಡೂ ಸಾಲುಗಳು ಮೊದಲೇ ತಯಾರಿದ್ದವು. ಯುದ್ಧ ಇನ್ನೂ ನಾಲ್ಕು ದಿನ ನಡೆಯಬೇಕಿತ್ತೆಂದು ತಮ್ಮ ಮನೆಯ ಸೋಫಾದಿಂದ ಬರೆದವರೂ ಬಹಳ ಜನ; ಅವರ ಮಕ್ಕಳು ಯಾವ ರೆಜಿಮೆಂಟಿನವರೆಂದು ಕೇಳುವುದು ಅಸಭ್ಯತೆಯಾದೀತು.

ಅಗ್ನಿವೀರರ ಹೆತ್ತವರಿಗೆ ಸಮಾಜ ಕೊಡುವ ಸಾಂತ್ವನ ಇನ್ನೂ ಚಿಕ್ಕದು: “ನಾಲ್ಕೇ ವರ್ಷ ಅಲ್ವಾ.” ನಾಲ್ವರಲ್ಲಿ ಒಬ್ಬನನ್ನಷ್ಟೇ ಉಳಿಸಿಕೊಳ್ಳುವ ಯೋಜನೆಯಲ್ಲಿ, ಮಗ ಸೇನೆಯಲ್ಲಿ ಉಳಿಯಲಿ ಎಂದು ಹರಕೆ ಹೊರಬೇಕೋ ಮನೆಗೆ ಮರಳಲಿ ಎಂದು ಹೊರಬೇಕೋ ತಿಳಿಯದೆ ಅವರು ಎರಡನ್ನೂ ಹೊತ್ತಿರುತ್ತಾರೆ.

ಆದರೂ ಒಂದು ಸಂದರ್ಭದಲ್ಲಿ ನಮ್ಮ ವ್ಯವಸ್ಥೆ ಗಡಿಯಲ್ಲಿರುವ ಮಗನನ್ನೂ ಊರಿನಲ್ಲಿರುವ ತಾಯಿಯನ್ನೂ ಎಳ್ಳಷ್ಟೂ ತೊಡಕಿಲ್ಲದೆ ಬೆಸೆಯುತ್ತದೆ. ಅದು ಚುನಾವಣೆ. ಸೇವಾ ಮತದಾರನಿಗೆ ಮತಪತ್ರವನ್ನು ವಿದ್ಯುನ್ಮಾನ ವಿಧಾನದಲ್ಲಿ ಕಳುಹಿಸಿ ಅಂಚೆಯಲ್ಲಿ ವಾಪಸು ಪಡೆಯುವ ಏರ್ಪಾಡು ಇದೆ; ಆಗ 56 ಎಪಿಒ ಯಾವ ಹೋಬಳಿಯೆಂದು ಯಾರೂ ಕೇಳುವುದಿಲ್ಲ. ಅದು ಬೇಡವೆಂದರೆ, 2003ರಿಂದ ಜಾರಿಯಲ್ಲಿರುವ ನಿಯಮದಂತೆ ಆತ ತನ್ನ ಅಧಿಕಾರಿಯ ಎದುರು ಒಂದು ನಮೂನೆಗೆ ಸಹಿ ಹಾಕಿ, ಊರಿನಲ್ಲಿರುವ ತಾಯಿಯನ್ನೇ ತನ್ನ ಪ್ರತಿನಿಧಿ ಮತದಾರಳನ್ನಾಗಿ ನೇಮಿಸಬಹುದು. ಆ ತಾಯಿ ಮತಗಟ್ಟೆಗೆ ಹೋಗಿ ತನ್ನ ಮತಕ್ಕೆ ಎಡಗೈ ತೋರುಬೆರಳಿಗೂ, ಮಗನ ಮತಕ್ಕೆ ಅದೇ ಕೈಯ ನಡುಬೆರಳಿಗೂ ಶಾಯಿ ಹಾಕಿಸಿಕೊಂಡು ಬರಬಹುದು. ದೇಶವನ್ನು ಐದು ವರ್ಷ ಯಾರು ಆಳಬೇಕೆಂಬ ವಿಷಯದಲ್ಲಿ ಮಗನ ಪರವಾಗಿ ಆಕೆಯ ಮಾತು ಪೂರ್ತಿಯಾಗಿ ಸಲ್ಲುತ್ತದೆ.

ಹೀಗೆ ಎರಡು ಬೆರಳಿಗೆ ಶಾಯಿ ಹಚ್ಚಿಸಿಕೊಂಡ ಒಬ್ಬ ತಾಯಿ ಮರುವಾರ ಪೌತಿ ಖಾತೆಯ ಕಡತ ಹಿಡಿದು ಕಂದಾಯ ಕಚೇರಿಯ ಕಿಟಕಿಗೆ ಹೋದರೆಂದು ಇಟ್ಟುಕೊಳ್ಳೋಣ. ಚುನಾವಣೆಯ ಕೆಲಸದಲ್ಲಿ ದಣಿದು ಬಂದಿರುವ ಗುಮಾಸ್ತರು ಆ ಬೆರಳುಗಳನ್ನು ನೋಡಿ ಅಭಿಮಾನದಿಂದ ನಗುತ್ತಾರೆ, ಕುಳಿತುಕೊಳ್ಳಲು ಹೇಳುತ್ತಾರೆ, ನೀರು ಕೊಡುತ್ತಾರೆ. ಅನಂತರ ಕಡತ ತೆರೆದು, ಇಪ್ಪತ್ತು ಗುಂಟೆ ಹೊಲದ ವಿಷಯವಾದ್ದರಿಂದ ಮಗನೇ ಖುದ್ದಾಗಿ ಬರಬೇಕಾಗುತ್ತದೆಂದೂ, ಬರುವಾಗ ಒಟಿಪಿ ಬರುವ ಫೋನನ್ನು ಮರೆಯದೆ ತರಬೇಕೆಂದೂ, ಹೇಗೂ ಬಂದವನು ಆಗಸ್ಟ್ 15ರವರೆಗೆ ಉಳಿದರೆ ಈ ಸಲ ತಾಯಿ ಮಗ ಇಬ್ಬರಿಗೂ ಜೊತೆಯಾಗಿಯೇ ಶಾಲು ಹೊದಿಸಬಹುದೆಂದೂ ತಿಳಿಸುತ್ತಾರೆ.