ಇಳಿಸಿದ್ದು ಒಳ್ಳೆ ಮಷೀನು, ಉಳಿಸಿಕೊಂಡಿದ್ದು ಕೆಟ್ಟದ್ದು

ಇವತ್ತು ಬೆಳಿಗ್ಗೆ ಗೋಣಿಕೊಪ್ಪದ ಹತ್ತಿರದ ಒಂದು ಕಲ್ಯಾಣ ಮಂಟಪಕ್ಕೆ ಹೋಗಿದ್ದೆ. ಅಡುಗೆಮನೆ ಪಕ್ಕದ ಕೋಲ್ಡ್ ರೂಮ್ ನೋಡೋದಕ್ಕೆ ಕರೆದಿದ್ದರು. ಹೋಗಿ ನೋಡಿದರೆ ಅಂಗಳದಲ್ಲಿ ಕ್ರೇನ್ ನಿಂತಿದೆ. ತಾರಸಿ ಮೇಲಿನ ನಾಲ್ಕು ಎಸಿ ಮಷೀನುಗಳಲ್ಲಿ ಒಂದು ಆಗಲೇ ಕೆಳಗೆ ಬಂದು ಕೂತಿದೆ. 8.5 ಟನ್ನಿನ ಮಷೀನು (ಟನ್ ಅಂದರೆ ಇಲ್ಲಿ ತೂಕ ಅಲ್ಲ, ತಂಪು ಮಾಡುವ ಶಕ್ತಿಯ ಅಳತೆ). ಪಕ್ಕದಲ್ಲಿ ಗುಜರಿಯವನ ಪಿಕಪ್.

ಹೋದ ಭಾನುವಾರ ಮದುವೆ ನಡುವೆ ಅದು ನಿಂತುಹೋಯಿತಂತೆ. ಯಾರೋ ಬಂದು ನೋಡಿ, "ಕಂಪ್ರೆಸರ್ ಹೋಗಿದೆ, 12 ವರ್ಷದ ಮಷೀನು, ಇದಕ್ಕೆ ದುಡ್ಡು ಹಾಕಬೇಡಿ" ಅಂದರಂತೆ. ಅದೇ ರಾತ್ರಿ ಹೊಸದಕ್ಕೆ ಅಡ್ವಾನ್ಸ್ ಹೋಗಿದೆ.

ಕಣ್ಣೆದುರು ಇರುವಾಗ ಸುಮ್ನೆ ಇರೋಕೆ ಆಗಲಿಲ್ಲ. ನಾಲ್ಕು ಸ್ಕ್ರೂ ಬಿಚ್ಚಿ ಪ್ಯಾನೆಲ್ ತೆಗೆದೆ. ಕಂಪ್ರೆಸರಿಗೆ ಕರೆಂಟ್ ಬಿಡುವ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್, ಅದರ ಪಾಯಿಂಟ್‌ಗಳ ನಡುವೆ ಸತ್ತ ಇರುವೆಗಳು, ಸುಟ್ಟು ಕರಕಲಾಗಿ ಅಂಟಿಕೊಂಡಿದ್ದವು. ಒಂದು ಫೇಸ್ ದಾಟುತ್ತಲೇ ಇರಲಿಲ್ಲ. ಮೂರು ಫೇಸಿನ ಕಂಪ್ರೆಸರ್ ಎರಡೇ ಫೇಸಲ್ಲಿ ಎದ್ದೇಳೋಕೆ ನೋಡಿದೆ, ಓವರ್‌ಲೋಡ್ ಆಗಿ ಟ್ರಿಪ್ ಬಿದ್ದು ನಿಂತಿದೆ. ಅಷ್ಟೇ. ಕರೆಂಟ್ ಸೋರುತ್ತಿದೆಯಾ ಅಂತ ನೋಡುವ ಮೆಗ್ಗರ್ ಮೀಟರ್ ಹಾಕಿದೆ, ಕಂಪ್ರೆಸರ್ ಮೋಟಾರಿನ ಮೂರು ವೈಂಡಿಂಗನ್ನೂ (ತಂತಿ ಸುತ್ತು) ಅಳೆದೆ. ಮೂರೂ ಸಮ, ಹೊರಗಿನ ಲೋಹಕ್ಕೆ ಎಲ್ಲೂ ತಾಗಿಲ್ಲ. ಹಾಳಾಗಿದ್ದು ಅಂಗೈಯಲ್ಲಿ ಹಿಡಿಯುವ ಒಂದು ಕಾಂಟ್ಯಾಕ್ಟರ್. ಅದಕ್ಕೋಸ್ಕರ ಇಡೀ ಮಷೀನು ಗುಜರಿಗೆ ಹೊರಟಿತ್ತು.

ಹೊಟ್ಟೆ ಉರಿದಿದ್ದು ಇಷ್ಟಕ್ಕೇ ಅಲ್ಲ. ಮೇಲೆ ಹತ್ತಿ ಉಳಿದ ಮೂರನ್ನೂ ನೋಡಿದೆ. ಮೂರನೆಯದರ ಕಾಯಿಲ್, ಅಂದರೆ ಗ್ಯಾಸ್ ಓಡುವ ಪೈಪಿನ ಸುರುಳಿ, ಅದರ ಕೆಳಗಡೆ ಎಣ್ಣೆ ಜಿನುಗಿ, ಅದರ ಮೇಲೆ ಧೂಳು ಕೂತು ಕಪ್ಪಗೆ ಮೆತ್ತಿಕೊಂಡಿದೆ. ಬೆರಳಲ್ಲಿ ಒತ್ತಿದರೆ ಅಲ್ಯೂಮಿನಿಯಂ ತಗಡಿನ ಫಿನ್ ಒಣಗಿದ ಎಲೆ ಥರ ಪುಡಿಯಾಗುತ್ತೆ. ಮಾಲೀಕರನ್ನು ಕೇಳಿದೆ. "ಅದಕ್ಕೆ ಏನೂ ಆಗಿಲ್ಲ ಮಾರಾಯ, ಪ್ರತಿ ವರ್ಷ ಸೀಸನ್ನಿಗೆ ಮುಂಚೆ ಗ್ಯಾಸ್ ಹಾಕಿಸ್ತೇನೆ, ಚೆನ್ನಾಗಿ ಓಡ್ತದೆ" ಅಂದರು. ಮೂರು ವರ್ಷದಿಂದ ಹಾಕಿಸುತ್ತಿದ್ದಾರೆ.

ಗ್ಯಾಸ್ ಅನ್ನೋದು ಪೆಟ್ರೋಲ್ ಅಲ್ಲ, ಓಡಿದ ಹಾಗೆ ಖರ್ಚಾಗೋದಕ್ಕೆ. ಪೈಪಿನೊಳಗೆ ಸುತ್ತುತ್ತಾ ಇರುತ್ತೆ, ಎಷ್ಟು ವರ್ಷ ಓಡಿದರೂ ಅಷ್ಟೇ ಇರಬೇಕು. ಕಡಿಮೆ ಆಗಿದೆ ಅಂದರೆ ಎಲ್ಲೋ ತೂತು ಬಿದ್ದಿದೆ. ನೈಟ್ರೋಜನ್ ಹಾಕಿ, ಸೋಪಿನ ನೊರೆ ಹಚ್ಚಿ ಆ ತೂತು ಹುಡುಕದೆ ಮತ್ತೆ ತುಂಬಿಸೋದು ರಿಪೇರಿ ಅಲ್ಲ. ಅದೂ ಆ ಮಷೀನಿನಲ್ಲಿರೋದು ಆರ್-22. ಓಜೋನ್ ಪದರಕ್ಕೆ ಕೆಡುಕು ಅಂತ 1987ರ ಮಾಂಟ್ರಿಯಲ್ ಒಪ್ಪಂದದಡಿ ಜಗತ್ತೇ ಬಿಡುತ್ತಿರುವ ಗ್ಯಾಸ್. ಆರ್-22 ಹಾಕಿದ ಹೊಸ ಮಷೀನು ತಯಾರಿಸೋದು ನಮ್ಮ ದೇಶದಲ್ಲಿ 2024ರ ಕೊನೆಗೆ ಮುಗಿದಿದೆ. ಇನ್ನು ಗ್ಯಾಸ್ ಸಿಗೋದು ವರ್ಷದಿಂದ ವರ್ಷಕ್ಕೆ ಕಷ್ಟವೇ. ಅದರ ಬದಲು ಆರ್-410ಎ ತುಂಬಿಸಿದರಾಯ್ತು ಅನ್ನೋರೂ ಇದ್ದಾರೆ. ಆಗಲ್ಲ. ಅದರ ಪ್ರೆಶರ್ ಸುಮಾರು 60 ಶೇಕಡ ಜಾಸ್ತಿ, ಎಣ್ಣೆಯೂ ಬೇರೆ. ಹಳೆ ಕಾಯಿಲ್ ತಡೆಯೋದಿಲ್ಲ.

ಬದಲಾಯಿಸಬೇಕಾದ್ದು ಆ ಮೂರನೆಯದನ್ನು. ಬದಲಾಯಿಸಲು ಹೊರಟಿದ್ದು ಕೆಳಗಿಳಿಸಿದ ಇದನ್ನು.

ನನ್ನ ಸಿಟ್ಟು ಒಂದೇ. ಈ ತೀರ್ಮಾನವನ್ನು ನಾವು ಯಾವಾಗಲೂ ಮಷೀನು ನಿಂತ ದಿನ ಮಾಡುತ್ತೇವೆ. ಒಳಗೆ ಐನೂರು ಜನ ಊಟಕ್ಕೆ ಕೂತಿರುತ್ತಾರೆ, ಹುಡುಗಿ ಅಪ್ಪ ಬೆವರು ಒರೆಸಿಕೊಂಡು ಮುಖ ಗಂಟಿಕ್ಕಿರುತ್ತಾರೆ, ಆ ಹೊತ್ತಿಗೆ ಫೋನಲ್ಲಿ ಯಾರು ಏನು ಹೇಳಿದರೂ ಸರಿ ಅನ್ನಿಸುತ್ತೆ. ಲಕ್ಷಗಟ್ಟಲೆ ದುಡ್ಡಿನ ಮಾತು, ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತೆ.

ಆ ಮಾಲೀಕರು ಕಾಫಿ ಬೆಳೆಗಾರರು. ತೋಟದ ಯಾವ ತುಂಡಿನಲ್ಲಿ ಯಾವ ವರ್ಷ ಎಷ್ಟು ಮೂಟೆ ಬಂತು ಅಂತ ಬಾಯಲ್ಲೇ ಹೇಳುತ್ತಾರೆ. ನಾಲ್ಕು ವರ್ಷದ ಫಸಲು ನೋಡದೆ ಒಂದು ರೊಬಸ್ಟಾ ಗಿಡ ಕೀಳಿಸೋದಿಲ್ಲ. ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡ ಆದರೆ ಒಂದು ದಿನವೂ ಇಟ್ಟುಕೊಳ್ಳೋದಿಲ್ಲ, ಕಿತ್ತು ಸುಡುತ್ತಾರೆ. ಯಾವುದನ್ನು ಕಾಯಬೇಕು, ಯಾವುದನ್ನು ಕಾಯಬಾರದು ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ತಾರಸಿ ಮೇಲಿನ ನಾಲ್ಕು ಮಷೀನಿನಲ್ಲಿ ಯಾವುದಕ್ಕೆ ಯಾವಾಗ ಏನು ಮಾಡಿಸಿದ್ದು ಅಂತ ಕೇಳಿದರೆ ಒಂದು ಚೀಟಿ ಇಲ್ಲ.

ಒಂದು 40 ಪೇಜಿನ ನೋಟ್‌ಬುಕ್ ಸಾಕು ಸ್ವಾಮಿ. ಮಷೀನಿಗೆ ಪೇಂಟಲ್ಲಿ ನಂಬರ್ ಬರೆಸಿ. ಸರ್ವಿಸಿಗೆ ಬಂದವನು ಕ್ಲಾಂಪ್ ಮೀಟರ್ ಹಾಕಿ ಕಂಪ್ರೆಸರ್ ಎಷ್ಟು ಆಂಪ್ ಎಳೀತಿದೆ ಅಂತ ಬರೆಯಲಿ. ಒಳಗೆ ಹೋಗುವ ಗಾಳಿ ಎಷ್ಟು ಡಿಗ್ರಿ, ಹೊರಗೆ ಬರುವ ಗಾಳಿ ಎಷ್ಟು ಡಿಗ್ರಿ, ಬರೆಯಲಿ. ಎರಡರ ನಡುವೆ ಸುಮಾರು 10 ಡಿಗ್ರಿ ವ್ಯತ್ಯಾಸ ಇದ್ದರೆ ಮಷೀನು ಕೆಲಸ ಮಾಡುತ್ತಿದೆ ಅಂತ. ಗ್ಯಾಸ್ ಹಾಕಿದ್ದರೆ ಎಷ್ಟು ಕಿಲೋ, ಯಾಕೆ, ಬರೆಯಲಿ. ಎರಡು ವರ್ಷ ಹೀಗೆ ಬರೆದರೆ ಯಾವುದಕ್ಕೆ ವಯಸ್ಸಾಯಿತು ಅಂತ ಯಾರನ್ನೂ ಕೇಳಬೇಕಿಲ್ಲ.

ವಯಸ್ಸಿನ ಮಾತು ಬಂತಲ್ಲ. ಇಂಥ ಮಷೀನಿನ ಆಯಸ್ಸು 15ರಿಂದ 20 ವರ್ಷ ಅಂತಾರೆ. ಅದು ಪುಸ್ತಕದ ಲೆಕ್ಕ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಕುಶಾಲನಗರದಲ್ಲಿ ಅದರ ಅರ್ಧವೂ ಇಲ್ಲ. ಒಂದೇ ದಿನ ಕೂರಿಸಿದ ಎರಡು ಮಷೀನು, ಹತ್ತು ವರ್ಷ ಆದಮೇಲೆ ಒಂದು ಸ್ಟ್ಯಾಂಡ್ ಸಮೇತ ತುಕ್ಕು ಹಿಡಿದು ಪಾಚಿ ಕಟ್ಟಿದೆ, ಇನ್ನೊಂದಕ್ಕೆ ಪೇಂಟ್ ಕೂಡ ಹೋಗಿಲ್ಲ. ಎರಡಕ್ಕೂ ಒಂದೇ ವಯಸ್ಸು ಅನ್ನೋದು ಹೇಗೆ?

ಕರೆಂಟ್ ಬಿಲ್ ಕಡಿಮೆ ಆಗುತ್ತಲ್ಲ, ಹೊಸದು ಹಾಕಿಸೋದು ಲಾಭವೇ ಅಲ್ವಾ ಅಂತ ಕೇಳುತ್ತೀರಿ. ಇವತ್ತು ಮಾಲೀಕರೂ ಕೇಳಿದರು. ಲೆಕ್ಕ ಹಾಕೋಣ. ಹೊಸ ಮಷೀನು ಗಂಟೆಗೆ 3 ಯೂನಿಟ್ ಉಳಿಸುತ್ತೆ, ಯೂನಿಟ್ಟಿಗೆ 9 ರೂಪಾಯಿ ಅಂತ ಇಟ್ಟುಕೊಳ್ಳಿ. ಮಂಟಪದ ಮಷೀನು ವರ್ಷಕ್ಕೆ ಓಡೋದು 500 ಗಂಟೆ. ಉಳಿದಿದ್ದು 13,500 ರೂಪಾಯಿ. ಇಷ್ಟಕ್ಕೆ ಲಕ್ಷಗಟ್ಟಲೆ ಹಾಕಿದರೆ ಆ ದುಡ್ಡು ವಾಪಸ್ ಬರೋದು ಯಾವಾಗ? ಇದೇ ಮಷೀನು ಮಡಿಕೇರಿಯ ಹೋಟೆಲಿನಲ್ಲಿ ವರ್ಷಕ್ಕೆ 3,500 ಗಂಟೆ ಓಡಿದರೆ 94,500 ರೂಪಾಯಿ. ಅಲ್ಲಿ ಆ ಮಾತಿಗೆ ಅರ್ಥ ಇದೆ. ಮಡಿಕೇರಿಯಲ್ಲಂತೂ ಮಷೀನು ತಂಪಿಗಿಂತ ಬಿಸಿಗೇ ಜಾಸ್ತಿ ಓಡಬೇಕು. ಜುಲೈ-ಆಗಸ್ಟಿನ ಕಕ್ಕಡದ ಮಳೆಯಲ್ಲಿ, ಡಿಸೆಂಬರ್ ರಾತ್ರಿಯಲ್ಲಿ ರೂಮಿಗೊಂದು ಹೀಟರ್ ಉರಿಸುವವರು, ಹಳೆಯದು ನಿಜವಾಗಿ ಮುಗಿದಾಗ ಬಿಸಿಯೂ ಕೊಡುವ ಹೀಟ್ ಪಂಪ್ ಮಷೀನನ್ನೇ ಹಾಕಿಸಬೇಕು. ಒಂದು ಯೂನಿಟ್ ಕರೆಂಟಿಗೆ ಹೆಚ್ಚುಕಡಿಮೆ ಮೂರು ಯೂನಿಟ್ಟಿನ ಬಿಸಿ ಸಿಗುತ್ತೆ. ಆದರೆ ಎಷ್ಟು ಗಂಟೆ ಓಡುತ್ತೆ ಅಂತ ಕೇಳದೆ ಉಳಿತಾಯದ ಮಾತಾಡುವವರನ್ನು ನಾನು ನಂಬೋದಿಲ್ಲ.

ಇನ್ನೊಂದು ವಿಷಯ. ಬದಲಾಯಿಸುವಾಗ "ಇರಲಿ, ದೊಡ್ಡದೇ ಹಾಕ್ಸಿ" ಅಂತ 8.5ರ ಜಾಗಕ್ಕೆ 11 ಟನ್ ತಂದು ಕೂರಿಸುತ್ತಾರೆ. ನಮ್ಮ ಊರಿಗೆ ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ದೊಡ್ಡ ಮಷೀನು ಐದು ನಿಮಿಷಕ್ಕೆ ತಂಪು ಮಾಡಿ ನಿಂತುಬಿಡುತ್ತೆ. ಗಾಳಿಯ ತೇವ ಕಾಯಿಲ್ ಮೇಲೆ ನೀರಾಗಿ ಇಳಿದು ಹೋಗೋದಕ್ಕೆ ಹೊತ್ತು ಬೇಕು, ಅಷ್ಟು ಹೊತ್ತು ಅದು ಓಡೋದೇ ಇಲ್ಲ. ಹಾಲ್ ತಣ್ಣಗೆ, ಆದರೆ ಮೈಗೆ ಜಿಗುಟು. ಒಂದು ಮಳೆಗಾಲ ಕಳೆದರೆ ಪರದೆಗೆಲ್ಲ ಬೂಷ್ಟು ವಾಸನೆ. ತಂಪು ಗಾಳಿ ಹಾಲಿಗೆ ತರುವ ಹಳೆ ಡಕ್ಟ್ ಎಲ್ಲಿ ಸೋರುತ್ತಿದೆ ಅಂತಲೂ ಯಾರೂ ನೋಡಿರೋದಿಲ್ಲ.

ಯಾಕಿಷ್ಟು ಸಿಟ್ಟು ಅಂತ ಮನೆಯಲ್ಲಿ ಕೇಳಿದರು. ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿ ಮೂರು ವರ್ಷ ಆಗಿತ್ತು. ಮಡಿಕೇರಿಯ ಒಂದು ಸಣ್ಣ ಲಾಡ್ಜಿನಲ್ಲಿ ಇಂಥದ್ದೇ ಮಷೀನು ಟ್ರಿಪ್ ಆಗುತ್ತಿತ್ತು. ನಾನು ಅಳೆಯಲಿಲ್ಲ. ಕೈ ಇಟ್ಟು ನೋಡಿ, ಬಿಸಿ ಇದೆ ಅಂತ, ಕಂಪ್ರೆಸರ್ ಹೋಗಿದೆ ಅಂದುಬಿಟ್ಟೆ. ಮಾಲೀಕರು ಹೆಂಡತಿಯ ಬಳೆ ಅಡವಿಟ್ಟು ಹೊಸದು ತಂದರು. ಹೊಸದೂ ಎರಡನೇ ದಿನ ಟ್ರಿಪ್ ಆಯಿತು. ಕೆಳಗೆ ಬೋರ್ಡಿನಲ್ಲಿ ಒಂದು ಫೇಸಿನ ವೈರ್ ಲೂಸ್ ಇತ್ತು. ಸ್ಕ್ರೂಡ್ರೈವರ್‌ನಲ್ಲಿ ಎರಡು ಸುತ್ತು ತಿರುಗಿಸಿದೆ, ಸರಿಹೋಯಿತು. ಹಳೆಯದಕ್ಕೂ ಇದೇ ಆಗಿದ್ದು ಅಂತ ಅವರಿಗೆ ನಾನು ಹೇಳಲಿಲ್ಲ. ಬಾಯಿ ಬರಲಿಲ್ಲ. ಆ ಲಾಡ್ಜ್ ಮುಂದೆ ಹೋಗುವಾಗ ಈಗಲೂ ತಲೆ ತಗ್ಗುತ್ತದೆ. ಅವತ್ತಿನಿಂದ ಮೆಗ್ಗರ್ ಇಲ್ಲದೆ ಮನೆಯಿಂದ ಹೊರಟಿಲ್ಲ.

ಬದಲಾಯಿಸಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಲೀಕ್ ಮುಚ್ಚೋಕೆ ಆಗದಷ್ಟು ಕಾಯಿಲ್ ಕೊಳೆತಿದ್ದರೆ, ಕಂಪ್ರೆಸರ್ ವೈಂಡಿಂಗ್ ನಿಜವಾಗಿ ಸುಟ್ಟಿದ್ದರೆ, ರಿಪೇರಿ ಖರ್ಚು ಹೊಸದರ ಅರ್ಧಕ್ಕೆ ಬಂದಿದ್ದರೆ, ಬದಲಾಯಿಸಿ. ತಡ ಮಾಡಬೇಡಿ. ಆದರೆ ಅದನ್ನು ಮಳೆಗಾಲದಲ್ಲಿ, ಮಂಟಪ ಖಾಲಿ ಇರುವಾಗ ಕೂತು ಯೋಚಿಸಿ. ಮೂರು ಕಡೆ ರೇಟ್ ಕೇಳೋದಕ್ಕೂ ಆಗ ಪುರುಸೊತ್ತು ಇರುತ್ತೆ.

ಇವತ್ತು ಕೊನೆಗೆ ಆ ಸುಟ್ಟ ಕಾಂಟ್ಯಾಕ್ಟರ್ ಬಿಚ್ಚಿ ಮಾಲೀಕರ ಕೈಗೆ ಕೊಟ್ಟೆ. ಅಂಗೈ ಮೇಲಿಟ್ಟುಕೊಂಡು ತುಂಬಾ ಹೊತ್ತು ನೋಡಿದರು. ಇರುವೆ ಕರಕಲನ್ನು ಉಗುರಲ್ಲಿ ಕೆರೆದರು. ಆಮೇಲೆ ಗುಜರಿಯವನಿಗೆ ಹೋಗು ಅಂತ ಕೈ ಮಾಡಿದರು. ನನ್ನ ಕಡೆ ತಿರುಗಿ, "ಆ ಕ್ರೇನಿನವನು ಇನ್ನೆಷ್ಟು ಹೊತ್ತು ಇರ್ತಾನೆ, ಕೇಳು" ಅಂದರು.

ಮಧ್ಯಾಹ್ನ ಅದು ವಾಪಸ್ ತಾರಸಿಗೆ ಹೋಯಿತು. ಹೊಸ ಕಾಂಟ್ಯಾಕ್ಟರ್ ಹಾಕಿ ಸ್ಟಾರ್ಟ್ ಮಾಡಿದೆ, ಮೂರು ಫೇಸಲ್ಲೂ ಆಂಪ್ ಸಮ ಬಂತು. ಹೊಸ ಮಷೀನು ಬಂದಮೇಲೆ ಮೂರನೆಯದರ ಜಾಗಕ್ಕೆ. ಜೊತೆಗಿದ್ದ ಹುಡುಗ ನಾಲ್ಕಕ್ಕೂ ಕೆಂಪು ಪೇಂಟಲ್ಲಿ ನಂಬರ್ ಬರೆದಿದ್ದಾನೆ. ಗುರುವಾರ ನೋಟ್‌ಬುಕ್ ತೆಗೆದುಕೊಂಡು ಮತ್ತೆ ಹೋಗಬೇಕು.