ಬಾರ್ಜ್ ನಿಂತರೂ ಬಾಡಿಗೆ ನಿಲ್ಲಲ್ಲ

ಮೊನ್ನೆ ಅಣ್ಣನ ಮಗ ನವನಗರದ ಮನೆಗೆ ಬಂದಿದ್ದ. ಕಾರವಾರದ ಕಡೆ ಜೆಟ್ಟಿಯೊಂದಕ್ಕೆ (ಹಡಗು ನಿಲ್ಲೋ ಕಟ್ಟೆ) ಪೈಲಿಂಗ್, ಅಂದರೆ ನೆಲದಾಳಕ್ಕೆ ಕಂಬ ಇಳಿಸೋ ಕೆಲಸದ ಸಬ್‌ಕಾಂಟ್ರ್ಯಾಕ್ಟ್ ಸಿಗುತ್ತಿದೆ. "ಕಾಕಾ, ರೇಟ್ ಚಲೋ ಐತಿ, ಸಹಿ ಮಾಡ್ಲಿ?" ಅಂದ. ನಾನು ರೇಟ್ ನೋಡಲೇ ಇಲ್ಲ. ಕೆಲಸ ನಿಂತ ದಿನದ ದುಡ್ಡು ಯಾರು ಕೊಡ್ತಾರೆ, ಅದು ಯಾವ ಪುಟದಲ್ಲಿದೆ ತೋರಿಸು ಅಂದೆ. ಎಲ್ಲೂ ಇರಲಿಲ್ಲ.

ನಮ್ಮ ಬಾಗಲಕೋಟೆಯವರಿಗೆ ನೀರಿನ ಕೆಲಸ ಹೊಸದಲ್ಲ. ಆಲಮಟ್ಟಿ 519.60 ಮೀಟರ್ ತುಂಬಿದರೆ ಹಿನ್ನೀರು ಎಲ್ಲಿಗೆ ಬರುತ್ತೆ ಅಂತ ಗೊತ್ತು, ಬೇಸಿಗೆಯಲ್ಲಿ ಇಳಿದಾಗ ಬುನಾದಿ ಮುಗಿಸಿಕೊಳ್ಳುತ್ತೇವೆ. ಸಮುದ್ರ ಹಾಗಲ್ಲ. ದಿನಕ್ಕೆ ಎರಡು ಸಲ ಏರಿ ಇಳಿಯುತ್ತೆ. ಇಲ್ಲಿ ಬಿಸಿಲಿದ್ದರೂ ಎಲ್ಲೋ ದೂರದ ಗಾಳಿಗೆ ಎದ್ದ ಅಲೆ ಬಂದು ಬಾರ್ಜ್ (ಚಪ್ಪಟೆ ತಳದ ದೊಡ್ಡ ದೋಣಿ) ಅಲುಗಾಡಿಸುತ್ತೆ, ಕ್ರೇನ್ ಎತ್ತೋ ಹಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಂತೂ ತೆರೆದ ಕಡಲಲ್ಲಿ ಕೆಲಸ ಬಲು ಕಷ್ಟ. ಬಾರ್ಜ್ ಬಾಡಿಗೆ, ಹುಡುಗರ ಪಗಾರ ಮಾತ್ರ ನಡೀತಾನೇ ಇರುತ್ತೆ. ಹವಾಮಾನ ಕೆಟ್ಟರೆ ಗಡುವಿಗೆ ದಿನ ಹೆಚ್ಚಿಸಿ ಕೊಡ್ತೀವಿ ಅಂತಾರೆ ಕೆಲಸ ಕೊಡೋರು. ಅದರಿಂದ ತಡವಾದ ದಂಡ ತಪ್ಪುತ್ತೆ ಅಷ್ಟೇ, ಬಾಡಿಗೆ ತುಂಬಲ್ಲ.

ನಾನು ಪೆಟ್ಟು ತಿಂದಿದ್ದು ನೆಲದ ವಿಷಯದಲ್ಲಿ. ಬೋರ್‌ಲಾಗ್ (ಮೊದಲೇ ನೆಲ ಕೊರೆದು ನೋಡಿದ ವರದಿ) ಪ್ರಕಾರ ಬಂಡೆ 14 ಮೀಟರ್‌ಗೆ ಸಿಗಬೇಕು. ಮೂರನೇ ಪೈಲ್‌ನಲ್ಲಿ 9ಕ್ಕೇ ಸಿಕ್ಕಿತು, ಅದೂ ಇಳಿಜಾರಾಗಿ. ಕೇಸಿಂಗ್ ಅನ್ನೋ ಉಕ್ಕಿನ ಕೊಳವೆಯ ಒಂದು ಅಂಚು ಬಂಡೆ ಮೇಲೆ, ಇನ್ನೊಂದು ಕೆಸರಲ್ಲಿ. ಮೇಲೆತ್ತಿ ನೋಡಿದರೆ ಉಕ್ಕಿನ ಬಾಯಿ ರೊಟ್ಟಿ ಅಂಚಿನಂತೆ ಮಡಚಿತ್ತು. ಬಂಡೆ ಒಡೆಯೋಕೆ 11 ದಿನ ಚಿಸೆಲ್ ಹೊಡೆದೆವು. ಒಂದು ರೂಪಾಯಿ ಜಾಸ್ತಿ ಬರಲಿಲ್ಲ, ಯಾಕೆಂದರೆ "ಎಲ್ಲ ಥರದ ನೆಲಕ್ಕೂ ಒಂದೇ ದರ" ಅನ್ನೋ ಸಾಲಿಗೆ ನಾನೇ ಸಹಿ ಹಾಕಿದ್ದೆ.

ಇನ್ಶೂರೆನ್ಸ್ ಇದೆಯಲ್ಲ ಅಂದ ಹುಡುಗ. ಕಾಂಟ್ರ್ಯಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿ ಸಾಮಾನ್ಯವಾಗಿ ಕಟ್ಟಿದ ಕೆಲಸ ಹಾಳಾದರೆ ಕೊಡುತ್ತೆ, ಸುಮ್ನೆ ಕಾದ ದಿನಕ್ಕಲ್ಲ. ಬಾರ್ಜ್‌ಗೆ ಬೇರೆ ಪಾಲಿಸಿ ಬೇಕು. ಪಾಲಿಸಿಯಲ್ಲಿ ಸಬ್‌ಕಾಂಟ್ರ್ಯಾಕ್ಟರ್ ಹೆಸರಿದೆಯಾ, ಅದನ್ನೂ ನೋಡಬೇಕು.

ಇದು ಬರೀ ದುಡ್ಡಿನ ಮಾತಲ್ಲ. 2021ರ ಮೇನಲ್ಲಿ ತೌಕ್ತೆ ಚಂಡಮಾರುತಕ್ಕೆ ಮುಂಬೈ ಕಡಲಲ್ಲಿ ಪಿ-305 ಬಾರ್ಜ್ ಲಂಗರು ಕಳಚಿ ಮುಳುಗಿತು. ಅದರಲ್ಲಿ 261 ಜನ ಇದ್ದರು. ಎಷ್ಟೋ ಮಂದಿ ಮನೆಗೆ ವಾಪಸ್ ಬರಲಿಲ್ಲ. ಅಲ್ಲಿ ಏನಾಯಿತು ಅನ್ನೋ ವಿಚಾರಣೆ ನನ್ನ ಕೆಲಸವಲ್ಲ. ಆದರೆ ಕಾದ ದಿನಕ್ಕೆ ದುಡ್ಡಿಲ್ಲದಿದ್ದರೆ "ಇನ್ನೊಂದು ಪೈಲ್ ಮುಗಿಸೋಣ" ಅನ್ನೋ ಆಸೆ ನನ್ನಂಥವನಿಗೇ ಬರುತ್ತೆ, ಬಂದಿದೆ ಕೂಡ. ಎಷ್ಟು ಗಾಳಿಗೆ ಕೆಲಸ ನಿಲ್ಲಬೇಕು, ಬಾರ್ಜ್ ಬಂದರಿನೊಳಗೆ ತನ್ನಿ ಅಂತ ಯಾರು ಹೇಳಬೇಕು, ಆ ದಿನಗಳ ದರ ಎಷ್ಟು, ಮೂರೂ ಕಾಗದದಲ್ಲಿ ಇರಲೇಬೇಕು.

ರಾತ್ರಿ ಹನ್ನೊಂದರವರೆಗೆ ಕೂತು ಪೆನ್ಸಿಲ್‌ನಲ್ಲಿ ಗುರುತು ಹಾಕಿದೆವು. ಸಹಿ ಮಾಡದೆ ವಾಪಸ್ ಕಳಿಸಿದ್ದಾನೆ. ಇನ್ನೂ ಉತ್ತರ ಬಂದಿಲ್ಲ.