ಶುಕ್ರವಾರ ಸಂಜೆ ರಿಲೀಸ್‌ಗೆ ಹೆದರುವ ತಂಡಗಳು

ಸಾಫ್ಟ್‌ವೇರ್ ತಂಡವೊಂದರ ಕೆಲಸದ ಕ್ರಮ ಸರಿಯಾಗಿದೆಯೇ ಎಂದು ತಿಳಿಯಲು ನನಗೆ ಅವರ ಪ್ರಮಾಣಪತ್ರ ಬೇಡ. ಗೋಡೆಯ ಮೇಲೆ ಅಂಟಿಸಿದ ಬಣ್ಣದ ಚೀಟಿಗಳು ಬೇಡ, ಸ್ಕ್ರಮ್ ಎಂಬ ಕೆಲಸದ ಪದ್ಧತಿಯ ತರಬೇತಿ ಮುಗಿಸಿದವರ ಪಟ್ಟಿಯೂ ಬೇಡ. ಒಂದು ಪ್ರಶ್ನೆ ಕೇಳುತ್ತೇನೆ: ಶುಕ್ರವಾರ ಸಂಜೆ ನಾಲ್ಕು ಗಂಟೆಗೆ ಒಂದು ಸಾಲಿನ ಬದಲಾವಣೆಯನ್ನು ಗ್ರಾಹಕರಿಗೆ ಮುಟ್ಟಿಸಿ, ಅಂದರೆ ರಿಲೀಸ್ ಮಾಡಿ, ಐದೂವರೆಗೆ ನಿಶ್ಚಿಂತೆಯಿಂದ ಮನೆಗೆ ಹೊರಡಬಲ್ಲಿರಾ? ಬೆಂಗಳೂರಿನಲ್ಲಿ ಈ ಪ್ರಶ್ನೆ ಕೇಳಿದ ಕಡೆಯಲ್ಲೆಲ್ಲ ಜನ ಮೊದಲು ನಕ್ಕಿದ್ದಾರೆ. ನಾನು ತಮಾಷೆಗೆ ಕೇಳುತ್ತಿಲ್ಲ ಎಂದು ಗೊತ್ತಾದ ಮೇಲೆ, ನಿದ್ದೆಗೆಟ್ಟ ಯಾವುದೋ ಹಳೆಯ ರಾತ್ರಿಯ ಕತೆ ಹೇಳಲು ಶುರು ಮಾಡಿದ್ದಾರೆ.

ಶುಕ್ರವಾರವೇ ರಿಲೀಸ್ ಮಾಡಿ ಎಂದು ನಾನು ಹೇಳುತ್ತಿಲ್ಲ. ವಾರಾಂತ್ಯ ಮನೆಯವರಿಗೆ ಸೇರಿದ್ದು. ನನ್ನ ತಕರಾರು ಇರುವುದು ಆ ಭಯದ ಬಗ್ಗೆ. ಅದನ್ನು ಕಡಿಮೆ ಮಾಡಲೆಂದು ನಾವೇ ಹೇರಿಕೊಂಡ ನಿಯಮಗಳು ಅದನ್ನು ವರ್ಷದಿಂದ ವರ್ಷಕ್ಕೆ ಬೆಳೆಸಿವೆ.

ನಮ್ಮ ಊರಿಗೂ ‘ಪ್ರೋಸೆಸ್’ ಎಂಬ ಮಾತಿಗೂ ಹಳೆಯ ನಂಟು. 1980ರ ದಶಕದಲ್ಲಿ ಅಮೆರಿಕದ ರಕ್ಷಣಾ ಇಲಾಖೆಗೆ ಒಂದು ತಲೆನೋವಿತ್ತು. ಸಾಫ್ಟ್‌ವೇರ್ ಬರೆದುಕೊಡುತ್ತೇವೆ ಎಂದು ಬರುವ ಗುತ್ತಿಗೆದಾರರಲ್ಲಿ ಯಾರನ್ನು ನಂಬುವುದು? ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಅದೇ ಇಲಾಖೆಯ ಹಣದಿಂದ ನಡೆಯುತ್ತಿದ್ದ ಸಂಸ್ಥೆಯಲ್ಲಿ, ಐಬಿಎಂನಲ್ಲಿ ದೀರ್ಘಕಾಲ ದುಡಿದಿದ್ದ ವಾಟ್ಸ್ ಹಂಫ್ರಿ ಮತ್ತು ಅವರ ಜೊತೆಗಾರರು ಇದಕ್ಕೆ ಉತ್ತರ ಹುಡುಕಿದರು. ತಂಡದ ಕೆಲಸದ ಕ್ರಮ ಎಷ್ಟು ಪಕ್ವವಾಗಿದೆ ಎಂದು ಅಳೆಯುವ, ಐದು ಹಂತಗಳ ಸಿಎಂಎಂ ಹುಟ್ಟಿದ್ದು ಹೀಗೆ. ಮೊದಲ ಹಂತದಲ್ಲಿ ಕೆಲಸವೆಲ್ಲ ಒಬ್ಬಿಬ್ಬರು ಸಾಹಸಿಗಳ ಮೇಲೆ ನಿಂತಿರುತ್ತದೆ. ಐದನೆಯ ಹಂತದ ತಂಡ ತನ್ನ ದೋಷಗಳ ಕಾರಣಗಳನ್ನು ತಾನೇ ಹುಡುಕಿ ತನ್ನನ್ನು ತಿದ್ದಿಕೊಳ್ಳುತ್ತಿರುತ್ತದೆ. ಜಗತ್ತಿನಲ್ಲೇ ಮೊದಮೊದಲು ಐದನೆಯ ಹಂತ ತಲುಪಿದ ಬೆರಳೆಣಿಕೆಯ ಘಟಕಗಳಲ್ಲಿ ಮೊಟೊರೊಲಾ ಕಂಪನಿಯ ಬೆಂಗಳೂರಿನ ಘಟಕವೂ ಒಂದು, ಅದೂ 1990ರ ದಶಕದಲ್ಲಿ. ಆಮೇಲೆ ಬೇರೆಯವರಿಗೆ ಸಾಫ್ಟ್‌ವೇರ್ ಬರೆದುಕೊಡುವ ನಮ್ಮ ಸೇವಾ ಕಂಪನಿಗಳೆಲ್ಲ ಆ ಹಂತದ ಪ್ರಮಾಣಪತ್ರಕ್ಕೆ ಸಾಲುಗಟ್ಟಿದವು.

ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹೊರದೇಶದ ಗ್ರಾಹಕರಿಗೆ ಪರಿಚಯವೇ ಇಲ್ಲದ ಕಂಪನಿಗಳನ್ನು ಆ ಪ್ರಮಾಣಪತ್ರ ಮಾತುಕತೆಗೆ ಕೂರಿಸಿತು. ನಮ್ಮ ತಲೆಮಾರಿನವರು ಬೇರೆಯವರ ಕೋಡನ್ನು ಸಾಲು ಸಾಲಾಗಿ ಪರಿಶೀಲಿಸುವುದು, ದೋಷಗಳ ಲೆಕ್ಕವಿಡುವುದು ಕಲಿತದ್ದು ಆ ಕಾಲದಲ್ಲೇ. ಆದರೆ ಮಾರಾಟಕ್ಕೆಂದು ಕಲಿತ ಶಿಸ್ತಿಗೆ ಒಂದು ಗುಣವಿದೆ: ನೋಡುವವರು ಇರುವಷ್ಟು ಹೊತ್ತು ಮಾತ್ರ ಅದು ಜೀವಂತ. ಆಡಿಟ್ ದಿನಾಂಕ ಗೊತ್ತಾದ ಕೂಡಲೇ ಹಿಂದಿನ ತಿಂಗಳುಗಳ ಪರಿಶೀಲನಾ ನಮೂನೆಗಳನ್ನು ಬೇರೆ ಬೇರೆ ಶಾಯಿಯಲ್ಲಿ ತುಂಬುವ ಕಲೆಯಲ್ಲಿ ನಿಪುಣರಾದವರು ಈಗ ಉಪಾಧ್ಯಕ್ಷರಾಗಿದ್ದಾರೆ.

ಮುಂದೆ ಕೆಲಸವನ್ನು ಸಣ್ಣ ಸಣ್ಣ ಕಂತುಗಳಲ್ಲಿ ಮಾಡುವ ಅಜೈಲ್ ಪದ್ಧತಿ ಬಂತು. 2001ರ ಫೆಬ್ರುವರಿಯಲ್ಲಿ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಹಿಮದೂರಿನಲ್ಲಿ 17 ಮಂದಿ ಸೇರಿ, ನಿಯಮ ಮತ್ತು ಸಲಕರಣೆಗಳಿಗಿಂತ ಜನರೂ ಅವರ ನಡುವಿನ ಮಾತುಕತೆಯೂ ಮುಖ್ಯ ಎಂದು ಬರೆದರು. ನಾವು ಮಾತುಕತೆ ಎಂಬುದನ್ನು ಮೀಟಿಂಗ್ ಎಂದು ಓದಿಕೊಂಡೆವು. ನಮೂನೆಗಳು ಹೋದವು. ಬೆಳಗ್ಗೆ ನಿಂತೇ ಮಾತಾಡುವ ಸ್ಟ್ಯಾಂಡ್‌ಅಪ್, ವಾರಕ್ಕೊಮ್ಮೆ ಮುಂದಿನ ಕೆಲಸಗಳನ್ನು ಬಿಡಿಸಿ ನೋಡುವ ಗ್ರೂಮಿಂಗ್, ಸ್ಪ್ರಿಂಟ್ ಎಂಬ ಕೆಲವು ವಾರಗಳ ಕಂತಿನ ಯೋಜನೆ, ಡೆಮೊ, ಕೊನೆಗೆ ನಡೆದದ್ದನ್ನು ಹಿಂತಿರುಗಿ ನೋಡುವ ರೆಟ್ರೋ ಬಂದವು. ಕಾಲು ಗಂಟೆಯ ಸ್ಟ್ಯಾಂಡ್‌ಅಪ್ ಮುಕ್ಕಾಲು ಗಂಟೆಯಾಗಿ, ನಿಂತವರು ಕುರ್ಚಿ ಎಳೆದುಕೊಂಡು ಕೂತಾಗ ಅದು ಮ್ಯಾನೇಜರ್‌ಗೆ ವರದಿ ಒಪ್ಪಿಸುವ ಹಾಜರಿ ಪುಸ್ತಕವಾಯಿತು.

ಸ್ಟೋರಿ ಪಾಯಿಂಟ್‌ಗಳ ಕತೆಯಂತೂ ಕೇಳಲೇಬೇಡಿ. ಒಂದು ಕೆಲಸ ಇನ್ನೊಂದಕ್ಕಿಂತ ದೊಡ್ಡದೋ ಚಿಕ್ಕದೋ ಎಂದು ತಂಡ ತನ್ನೊಳಗೆ ಅಂದಾಜು ಮಾಡಿಕೊಳ್ಳಲು ಹುಟ್ಟಿದ ಅಳತೆ ಅದು. ಸ್ನೋಬರ್ಡ್‌ನಲ್ಲಿದ್ದ 17 ಮಂದಿಯಲ್ಲಿ ಒಬ್ಬರಾದ ರಾನ್ ಜೆಫ್ರೀಸ್, ಅದನ್ನು ಕಂಡುಹಿಡಿದವನು ಬಹುಶಃ ತಾನೇ ಇರಬೇಕು, ಹಾಗಿದ್ದರೆ ಕ್ಷಮಿಸಿ ಎಂಬರ್ಥದಲ್ಲಿ ಬರೆದಿದ್ದಾರೆ. ಇಲ್ಲಿ ಅದು ತಂಡಗಳನ್ನು ಹೋಲಿಸುವ ಅಂಕಪಟ್ಟಿಯಾಗಿದೆ. ಈ ತ್ರೈಮಾಸಿಕದಲ್ಲಿ ನಿಮ್ಮ ವೇಗ, ಅಂದರೆ ನೀವು ಮುಗಿಸುವ ಪಾಯಿಂಟ್‌ಗಳ ಮೊತ್ತ, ಶೇ. 20ರಷ್ಟು ಹೆಚ್ಚಬೇಕು ಎಂದು ಮೇಲಿನಿಂದ ಆಜ್ಞೆ ಬಂದರೆ, ನಿನ್ನೆ ಮೂರು ಪಾಯಿಂಟ್ ಇದ್ದ ಕೆಲಸ ನಾಳೆ ಐದಾಗುತ್ತದೆ. ಆಜ್ಞೆ ಪಾಲನೆಯಾಯಿತು, ಎಲ್ಲರಿಗೂ ಸಂತೋಷ.

ಆದರೂ ಮೀಟಿಂಗ್‌ಗಳು, ಪಾಯಿಂಟ್‌ಗಳು ಕಿರಿಕಿರಿಯೇ ಹೊರತು ಅಪಾಯವಲ್ಲ. ಅಪಾಯ ಇರುವುದು ಸಹಿಗಳಲ್ಲಿ.

ಒಂದು ರಿಲೀಸ್ ಕೆಡುತ್ತದೆ. ಮರುದಿನ ಸಭೆ. ಇನ್ನು ಮುಂದೆ ಇಂಥವರ ಒಪ್ಪಿಗೆ ಇಲ್ಲದೆ ಏನೂ ಹೊರಗೆ ಹೋಗಕೂಡದು ಎಂಬ ತೀರ್ಮಾನ. ಒಪ್ಪಿಗೆ ಕೊಡುವವರು ವಾರಕ್ಕೊಮ್ಮೆ ಸೇರುತ್ತಾರೆ, ಹೀಗಾಗಿ ಒಂದು ವಾರದ ಬದಲಾವಣೆಗಳು ಒಟ್ಟಾಗುತ್ತವೆ. ಒಟ್ಟಾದದ್ದನ್ನು ಸೇರಿಸಿ ಪರೀಕ್ಷಿಸಲು ಇನ್ನೊಂದು ವಾರ ಬೇಕು. ಆ ವಾರ ಬರೆದದ್ದೆಲ್ಲ ಮುಂದಿನ ಗಂಟಿಗೆ. ನೋಡನೋಡುತ್ತ ರಿಲೀಸ್ ತಿಂಗಳಿಗೊಂದಾಗುತ್ತದೆ, ಆಮೇಲೆ ಮೂರು ತಿಂಗಳಿಗೊಂದು. ಮೂರು ತಿಂಗಳ ನೂರಾರು ಬದಲಾವಣೆಗಳು ಒಂದೇ ರಾತ್ರಿ ಹೊರಬಿದ್ದರೆ ಏನಾದರೊಂದು ಕೆಟ್ಟೇ ಕೆಡುತ್ತದೆ. ಕೆಟ್ಟದ್ದು ಯಾವುದರಿಂದ ಎಂದು ಹುಡುಕಲು ಹೊರಟರೆ, ಬರೆದವನಿಗೆ ತಾನು ಬರೆದದ್ದು ಮರೆತಿರುತ್ತದೆ, ಇಲ್ಲವೇ ಅವನು ನೋಟಿಸ್ ಅವಧಿ ಮುಗಿಸಿ ಬೇರೆ ಕಂಪನಿ ಸೇರಿರುತ್ತಾನೆ. ಆ ರಾತ್ರಿ ಕಚೇರಿ ಮದುವೆಮನೆಯ ಹಾಗಿರುತ್ತದೆ: ಎಲ್ಲರೂ ಎಚ್ಚರ, ಎಲ್ಲರೂ ಓಡಾಟ, ಊಟದ ಪೊಟ್ಟಣಗಳ ರಾಶಿ, ದೊಡ್ಡವರು ಬಂದು ಬೆನ್ನು ತಟ್ಟಿ ಹೋಗುವುದು, ಅಸಲಿ ಕೆಲಸ ಮಾತ್ರ ಮೂಲೆಯಲ್ಲಿ ಕುಳಿತ ಇಬ್ಬರ ತಲೆಯ ಮೇಲೆ. ಮರುದಿನ ಮತ್ತೆ ಸಭೆ. ಇನ್ನೊಂದು ಸಹಿ.

ಸಹಿ ಇಲ್ಲದಿದ್ದರೆ ಅನಾಹುತವಾಗುವುದಿಲ್ಲವೇ ಎಂದು ಕೇಳುವವರು ನೈಟ್ ಕ್ಯಾಪಿಟಲ್‌ನ ಉದಾಹರಣೆ ಕೊಡುತ್ತಾರೆ. ಆ ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಅದು ಅವರ ವಾದದ ಪರವಾಗಿಲ್ಲ. 2012ರ ಆಗಸ್ಟ್ 1ರಂದು ಅಮೆರಿಕದ ಈ ಷೇರು ವಹಿವಾಟು ಕಂಪನಿ 45 ನಿಮಿಷಗಳಲ್ಲಿ 44 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡಿತು. ನ್ಯೂಯಾರ್ಕ್ ಷೇರುಪೇಟೆಯ ಹೊಸ ಯೋಜನೆಯೊಂದಕ್ಕಾಗಿ ಬರೆದ ಕೋಡನ್ನು ಎಂಟು ಸರ್ವರ್‌ಗಳಿಗೆ ಹಾಕಬೇಕಿತ್ತು. ಸಿಬ್ಬಂದಿಯೊಬ್ಬರು ಒಂದೊಂದಕ್ಕೇ ನಕಲಿಸುವಾಗ ಒಂದು ಬಿಟ್ಟುಹೋಯಿತು. ಆ ಎಂಟನೆಯ ಸರ್ವರ್‌ನಲ್ಲಿ 2003ರಿಂದ ಬಳಕೆಯಲ್ಲೇ ಇಲ್ಲದ ಹಳೆಯ ಕೋಡ್ ಅಳಿಸದೆ ಹಾಗೇ ಉಳಿದಿತ್ತು, ಮತ್ತು ಆ ಹಳೆಯ ಕೋಡನ್ನು ಚಾಲೂ ಮಾಡುತ್ತಿದ್ದ ಗುರುತನ್ನೇ ಹೊಸ ಕೋಡ್ ಬೇರೊಂದು ಕೆಲಸಕ್ಕೆ ಬಳಸುತ್ತಿತ್ತು. ಪೇಟೆ ತೆರೆದ ಕೂಡಲೇ ಹಳೆಯದು ಎಚ್ಚೆತ್ತು ಎಡೆಬಿಡದೆ ಖರೀದಿ, ಮಾರಾಟ ಮಾಡತೊಡಗಿತು. ಸುಮಾರು 40 ಲಕ್ಷ ವಹಿವಾಟುಗಳು ನಡೆದವು. ಪೇಟೆ ತೆರೆಯುವ ಮೊದಲೇ ವ್ಯವಸ್ಥೆ ಸಿಬ್ಬಂದಿಗೆ 97 ಇಮೇಲ್‌ಗಳಲ್ಲಿ ದೋಷವನ್ನು ಸೂಚಿಸಿತ್ತು. ಅವುಗಳನ್ನು ಎಚ್ಚರಿಕೆ ಎಂದು ಓದುವ ಪದ್ಧತಿಯೇ ಅಲ್ಲಿರಲಿಲ್ಲ. ಗಾಬರಿಯಲ್ಲಿ ಮಾಡಿದ ದುರಸ್ತಿಯಂತೂ ಇನ್ನೂ ದುಬಾರಿಯಾಯಿತು: ಹೊಸ ಕೋಡಿನಲ್ಲೇ ತಪ್ಪಿದೆ ಎಂದುಕೊಂಡು ಸರಿಯಾಗಿದ್ದ ಏಳು ಸರ್ವರ್‌ಗಳಿಂದ ಅದನ್ನು ತೆಗೆದರು. ಒಂದು ಸರ್ವರ್ ಮಾಡುತ್ತಿದ್ದ ಅನಾಹುತವನ್ನು ಎಂಟೂ ಮಾಡತೊಡಗಿದವು.

ಅಲ್ಲಿ ಎರಡನೆಯವರೊಬ್ಬರು ಪರಿಶೀಲಿಸಬೇಕೆಂಬ ಲಿಖಿತ ನಿಯಮ ಇರಲಿಲ್ಲ, ನಿಜ. ಪರಿಶೀಲನೆ ಬೇಕೇ ಬೇಕು. ಆದರೆ ಪಕ್ಕದಲ್ಲಿ ಕುಳಿತು ಎಂಟೂ ಸರ್ವರ್‌ಗಳನ್ನು ನೋಡುವ ಸಹೋದ್ಯೋಗಿಯ ಪರಿಶೀಲನೆ. ಮೂರು ಮಹಡಿ ಮೇಲಿನ ಸಮಿತಿಯೊಂದು ‘ರಿಲೀಸ್‌ಗೆ ಒಪ್ಪಿಗೆ ಇದೆ’ ಎಂದು ಬರೆದಿದ್ದರೆ ಆ ಎಂಟನೆಯ ಸರ್ವರ್ ಯಾರ ಕಣ್ಣಿಗೆ ಬೀಳುತ್ತಿತ್ತು? ಅಲ್ಲಿ ಬೇಕಿದ್ದದ್ದು ಎಂಟಕ್ಕೂ ಒಂದೇ ರೀತಿ ಕೋಡ್ ಹಾಕುವ ಯಂತ್ರ, ಸತ್ತ ಕೋಡನ್ನು ಅಳಿಸುವ ಅಭ್ಯಾಸ, ಒಂದೇ ಒತ್ತಿಗೆ ವಹಿವಾಟನ್ನೆಲ್ಲ ನಿಲ್ಲಿಸುವ ಗುಂಡಿ. ಇವು ಮೂರೂ ಬೇಸರದ ಎಂಜಿನಿಯರಿಂಗ್ ಕೆಲಸಗಳು. ಇವಕ್ಕೆ ಯಾವ ಕಂಪನಿಯೂ ಪ್ರಶಸ್ತಿ ಕೊಡುವುದಿಲ್ಲ.

ಇದು ನನ್ನೊಬ್ಬನ ಅನಿಸಿಕೆಯಲ್ಲ. ಡೋರಾ ಎಂಬ ಸಂಶೋಧನಾ ತಂಡ ವರ್ಷಗಳಿಂದ ನಾಲ್ಕು ಸಂಗತಿಗಳನ್ನು ಅಳೆಯುತ್ತ ಬಂದಿದೆ: ಎಷ್ಟು ಸಲ ರಿಲೀಸ್, ಬರೆದ ಕೋಡ್ ಬಳಕೆದಾರರನ್ನು ತಲುಪಲು ಎಷ್ಟು ಹೊತ್ತು, ಎಷ್ಟು ಪಾಲು ಬದಲಾವಣೆಗಳು ಕೆಟ್ಟವು, ಕೆಟ್ಟದ್ದು ಸರಿಹೋಗಲು ಎಷ್ಟು ಹೊತ್ತು. ಬೇಗ ಬೇಗ ರಿಲೀಸ್ ಮಾಡುವವರ ಬಳಿ ಕೆಡುವುದೂ ಕಡಿಮೆ ಎಂಬುದು ಅವರಿಗೆ ಮತ್ತೆ ಮತ್ತೆ ಕಂಡದ್ದು. ಹೊರಗಿನ ಸಮಿತಿಗಳ ಒಪ್ಪಿಗೆಯಿಂದ ವೈಫಲ್ಯ ಕಡಿಮೆಯಾಗುತ್ತದೆ ಎನ್ನಲು ಪುರಾವೆ ಸಿಗಲಿಲ್ಲ ಎಂದು 2019ರ ವರದಿಯಲ್ಲಿ ಸ್ಪಷ್ಟವಾಗಿ ಬರೆದರು. ಆ ನಾಲ್ಕು ಅಳತೆಗಳನ್ನೂ ನಮ್ಮವರು ಬೇಗನೆ ಅಂಕಪಟ್ಟಿ ಮಾಡಿಕೊಳ್ಳುತ್ತಾರೆ ಎಂಬ ಅನುಮಾನ ನನಗಿದೆ, ಅದು ಬೇರೆ ಮಾತು.

ಬೇಗ ಎಂದರೆ ಕಣ್ಣು ಮುಚ್ಚಿಕೊಂಡು ಎಂದಲ್ಲ. 2024ರ ಜುಲೈ 19, ಅದೂ ಶುಕ್ರವಾರವೇ. ಕಂಪ್ಯೂಟರ್‌ಗಳಿಗೆ ಭದ್ರತಾ ಸಾಫ್ಟ್‌ವೇರ್ ಕೊಡುವ ಕ್ರೌಡ್‌ಸ್ಟ್ರೈಕ್ ಕಂಪನಿ ಕಳಿಸಿದ ಒಂದು ಸಣ್ಣ ಕಡತ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಲಸ ನಿಂತುಹೋದ ನೀಲಿ ಪರದೆಗೆ ತಳ್ಳಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಬದಲಾವಣೆ ಚಿಕ್ಕದೇ ಆಗಿತ್ತು, ಆದರೆ ಎಲ್ಲರಿಗೂ ಒಮ್ಮೆಗೇ ಹೋಯಿತು. ಮೊದಲು ನೂರು ಯಂತ್ರ, ಆಮೇಲೆ ಸಾವಿರ, ಆಮೇಲೆ ಲಕ್ಷ ಎಂದು ಹಂತ ಹಂತವಾಗಿ ಬಿಡುವ ಕ್ರಮವನ್ನು ಇಂಥ ಕಡತಗಳಿಗೂ ತರುತ್ತೇವೆ ಎಂದು ಕಂಪನಿ ಆಮೇಲೆ ಹೇಳಿತು. ಈಗ ಕೃತಕ ಬುದ್ಧಿಮತ್ತೆಯ ಸಹಾಯದಿಂದ ದಿನಕ್ಕೆ ಸಾವಿರಾರು ಸಾಲು ಕೋಡ್ ಉದುರುತ್ತಿರುವಾಗ ಈ ಹಂತಗಳ ಅಗತ್ಯ ಹೆಚ್ಚಿದೆ. ಬರೆಯುವುದು ಹತ್ತು ಪಟ್ಟು ವೇಗವಾಗಿ, ಒಪ್ಪಿಗೆಯ ಸಭೆ ಮಾತ್ರ ಹಳೆಯ ಹಾಗೆ ವಾರಕ್ಕೊಮ್ಮೆಯೇ ಉಳಿದರೆ ಗಂಟಿನ ಗಾತ್ರ ಏನಾಗುತ್ತದೆಂದು ನೀವೇ ಲೆಕ್ಕ ಹಾಕಿ.

ಇನ್ನು ತಪ್ಪಾದ ಮೇಲಿನ ಮಾತು. 2017ರ ಜನವರಿ 31ರ ರಾತ್ರಿ, ತಂಡಗಳು ತಮ್ಮ ಕೋಡ್ ಇಟ್ಟುಕೊಳ್ಳುವ ತಾಣ ನಡೆಸುವ ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ದಣಿದ ಹೊತ್ತಿನಲ್ಲಿ, ನಕಲು ಸರ್ವರ್ ಎಂದುಕೊಂಡು ಮುಖ್ಯ ಸರ್ವರ್‌ನ ದತ್ತಾಂಶವನ್ನೇ ಅಳಿಸಿದರು. ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ತೆರೆದರೆ ಅದು ಖಾಲಿ. ಬ್ಯಾಕಪ್ ವಿಫಲವಾಗುತ್ತಿದೆ ಎಂದು ತಿಳಿಸಬೇಕಿದ್ದ ಇಮೇಲ್‌ಗಳು ಯಾರಿಗೂ ತಲುಪುತ್ತಲೇ ಇರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಹಿಂದೆ ಬೇರೊಂದು ಕೆಲಸಕ್ಕೆ ತೆಗೆದಿಟ್ಟ ಪ್ರತಿಯೊಂದು ಸಿಕ್ಕಿತು. ಕಂಪನಿ ದುರಸ್ತಿಯನ್ನು ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ಮಾಡಿತು, ನಡೆದದ್ದನ್ನೆಲ್ಲ ಬರೆದು ಪ್ರಕಟಿಸಿತು. ಎಂಜಿನಿಯರನ್ನು ಕೆಲಸದಿಂದ ತೆಗೆಯಲಿಲ್ಲ. ಒಬ್ಬರ ಕೈತಪ್ಪಿನ ವಿಷಯದಲ್ಲೇ ಮಾತು ಮುಗಿಸಿದ್ದರೆ ಆ ಖಾಲಿ ಬ್ಯಾಕಪ್‌ನ ವಿಷಯ ಮುಂದಿನ ಅನಾಹುತದವರೆಗೂ ಹೊರಬರುತ್ತಿರಲಿಲ್ಲ. ನಮ್ಮಲ್ಲಿ ಇಂಥ ಸಭೆಯ ಮೊದಲ ಪ್ರಶ್ನೆ ‘ಯಾರು ಮಾಡಿದ್ದು?’ ಎಂಬುದು. ಎರಡನೆಯ ಪ್ರಶ್ನೆಗೆ ಸತ್ಯ ಹೇಳುವವರು ಆಗ ಉಳಿದಿರುವುದಿಲ್ಲ. ವಾರ್ಷಿಕ ಮೌಲ್ಯಮಾಪನ ಹತ್ತಿರವಿದ್ದರಂತೂ ಸಾಧ್ಯವೇ ಇಲ್ಲ.

ಇಷ್ಟೆಲ್ಲ ಹೇಳಿದಾಗ ಸೇವಾ ಕಂಪನಿಗಳಲ್ಲಿರುವ ಗೆಳೆಯರ ಉತ್ತರ ಸಿದ್ಧವಿರುತ್ತದೆ: ರಿಲೀಸ್ ಮಾಡುವ ಅಧಿಕಾರ ಗ್ರಾಹಕರದ್ದು, ನಾವೇನು ಮಾಡಲಾದೀತು? ಅರ್ಧ ನಿಜ. ಉಳಿದರ್ಧವನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ತಲೆಗೆ ಇಷ್ಟು, ಗಂಟೆಗೆ ಇಷ್ಟು ಎಂದು ಬಿಲ್ ಆಗುವ ಒಪ್ಪಂದದಲ್ಲಿ, ಹತ್ತು ಜನ ಎರಡು ವಾರ ಕೈಯಾರೆ ಮಾಡುತ್ತಿದ್ದ ಪರೀಕ್ಷೆಯನ್ನು ಒಂದು ಗಂಟೆಗೆ ಇಳಿಸಿದ ತಂಡಕ್ಕೆ ಸಿಗುವುದು ಚಪ್ಪಾಳೆ, ಕಂಪನಿಗೆ ಆಗುವುದು ಆದಾಯ ಖೋತಾ. ಯಾವ ಸಲಹೆಗಾರ ಬಂದು ಎಷ್ಟು ಚಾರ್ಟ್ ಅಂಟಿಸಿದರೂ ಇದು ಸರಿಯಾಗದು. ಒಪ್ಪಂದ ಬರೆಯುವವರು ಸರಿ ಮಾಡಬೇಕು.

ಬಹುರಾಷ್ಟ್ರೀಯ ಕಂಪನಿಗಳು ಹೊರವರ್ತುಲ ರಸ್ತೆಯ ಉದ್ದಕ್ಕೂ ತೆರೆದಿರುವ ಸ್ವಂತ ಕೇಂದ್ರಗಳಿಗೆ ಈ ನೆಪವೂ ಇಲ್ಲ. ಉತ್ಪನ್ನ ಅವರದ್ದೇ, ರಿಲೀಸ್ ಗುಂಡಿಯೂ ಅವರ ಕೈಯಲ್ಲೇ. ಇತ್ತೀಚೆಗೆ ಅಂಥ ಒಂದು ಕೇಂದ್ರದಲ್ಲಿ ರಿಲೀಸ್ ನಮೂನೆ ತೋರಿಸಿದರು, ಆರು ಸಹಿಗಳಿದ್ದವು. ಮೂರನೆಯದು ಯಾರದ್ದು, ಯಾವ ಅನಾಹುತದ ನಂತರ ಸೇರಿದ್ದು ಎಂದು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಆ ಹುದ್ದೆಯೇ ಈಗ ಇಲ್ಲವಂತೆ, ಅವರ ಪರವಾಗಿ ಇನ್ನೊಬ್ಬರು ಹಾಕುತ್ತಾರಂತೆ. ಹಾಗಾದರೆ ಸುಧಾರಣೆಯನ್ನು ಆ ಸಾಲು ಅಳಿಸುವುದರಿಂದಲೇ ಶುರು ಮಾಡಿ ಎಂದೆ. ಅಳಿಸಲು ಬೇರೊಂದು ನಮೂನೆ ಇದೆ ಎಂದರು, ಅದಕ್ಕೆ ನಾಲ್ಕು ಸಹಿ.